ಸಮುದ್ರದ ಪಕ್ಕ ಸೈಕಲ್, ಜೊತೆಗೊಂದು ಬೀಗ

ನಮ್ಮನೆಯವರ ಜೊತೆ ಊರು ಬಿಟ್ಟು ಹೋದಾಗಲೆಲ್ಲ ಏನಾದ್ರೂ ಒಂದು ಆಗಿಯೇ ಆಗುತ್ತೆ. ಒಳ್ಳೆ ಮನುಷ್ಯ, ಆದ್ರೆ ಅನುಮಾನದ ಪ್ರಾಣಿ. ಹಾಲಿನವನು ಒಂದಿನ ಬೇಗ ಬಂದ್ರೂ "ಯಾಕೆ ಬೇಗ ಬಂದ?" ಅಂತಾರೆ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ನಾನೂ ಸುಮ್ಮನಿದ್ದೆ.

ಆದ್ರೆ ಈ ಸಲದ ಪ್ರವಾಸದಲ್ಲಿ ನನಗೊಂದು ಆಸೆ ಇತ್ತು. ಹುಡುಗಿಯಾಗಿದ್ದಾಗ ಗುಬ್ಬಿಯಲ್ಲಿ ಸೈಕಲ್ ತುಳ್ಕೊಂಡೇ ಸ್ಕೂಲಿಗೆ ಹೋಗ್ತಿದ್ದವಳು ನಾನು. ಮದುವೆ ಆಗಿ ತುಮಕೂರಿಗೆ ಬಂದ್ಮೇಲೆ ಸ್ಕೂಟರ್ ಹಿಂದೆ ಕೂತು ಇವರ ಬೆನ್ನು ನೋಡಿದ್ದೇ ಬಂತು. ಉಡುಪಿ ಕಡೆ ಸಮುದ್ರದ ಪಕ್ಕದಲ್ಲೇ ಸೈಕಲ್ ಹೊಡೆಯೋ ದಾರಿಗಳಿವೆ ಅಂತ ಕೇಳಿದ್ದೆ. ಅಲ್ಲಿ ಒಂದು ಗಂಟೆ, ಒಬ್ಬಳೇ ಹೋಗ್ಬೇಕು. ಅಷ್ಟೇ.

೧. ಸಾಕ್ಷಿ

"ನಿನಗೆ ಸೈಕಲ್ ಬರುತ್ತೆ ಅನ್ನೋದಕ್ಕೆ ಏನು ಸಾಕ್ಷಿ?" ಅಂದ್ರು. ಗುಬ್ಬಿಯಲ್ಲಿರೋ ನಮ್ಮಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ರು.

"ಚೆನ್ನಾಗೇ ಬರುತ್ತೆ ಭಾವ. ಒಂದ್ಸಲ ನನ್ನ ಕಾಲ್ ಮೇಲೇ ಹತ್ತಿಸಿದ್ಲು" ಅಂದ ಅಣ್ಣ.

ಇವರು ಫೋನಿಟ್ಟು ತೀರ್ಪು ಕೊಟ್ರು. "ಬ್ಯಾಲೆನ್ಸ್ ಇದೆ. ಬ್ರೇಕ್ ಹಿಡಿಯೋದು ಡೌಟು."

೨. ಕುಣಿಗಲ್‌ನಲ್ಲಿ ಬಿಟ್ಟ ಇಡ್ಲಿ

ಹೊರಡುವಾಗ ಮನೆಗೆ ಬೀಗ ಹಾಕೋದನ್ನ ನನ್ನ ಕೈಲಿ ವಿಡಿಯೋ ಮಾಡಿಸಿದ್ರು. ಕುಣಿಗಲ್‌ನಲ್ಲಿ ತಿಂಡಿಗೆ ನಿಂತಾಗ ಅದನ್ನ ಮೂರು ಸಲ ನೋಡಿ, "ನನ್ನ ಕೈ ಅಡ್ಡ ಬಂದಿದೆ. ಬೀಗ ಬಿದ್ದಿದ್ದು ಕಾಣ್ತಿಲ್ಲ" ಅಂತ ಇಡ್ಲಿ ಬಿಟ್ಟು ಎದ್ರು. ಕಾರು ತುಮಕೂರಿಗೆ ತಿರುಗಿದ್ರೆ ನನ್ನ ಸಮುದ್ರ ಅಲ್ಲಿಗೇ ಮುಗೀತು. ನಾನೇ ಪಕ್ಕದ ಮನೆ ಮೇಷ್ಟ್ರಿಗೆ ಫೋನ್ ಮಾಡಿದೆ. ಪಾಪ, ಹೋಗಿ ನೋಡಿ, "ಜೋರಾಗಿ ಎಳೆದು ನೋಡ್ದೆ, ಜಗ್ಗಲ್ಲಮ್ಮ. ಆರಾಮಾಗಿ ಹೋಗ್ಬನ್ನಿ" ಅಂದ್ರು.

ಸಕಲೇಶಪುರದವರೆಗೂ ಇವರು ಆರಾಮಾಗೇ ಕಾರು ಓಡಿಸಿದ್ರು. ಆಮೇಲೆ ಮೆಲ್ಲಗೆ ಕೇಳಿದ್ರು: "ಅಲ್ಲ ಕಣೇ, ನಮ್ಮನೆ ಬೀಗ ಆ ಮೇಷ್ಟ್ರು ಯಾಕೆ ಅಷ್ಟು ಜೋರಾಗಿ ಎಳೆದ್ರು?"

೩. ಏನೂ ಕೇಳದ ಮನುಷ್ಯ

ಬೀಚ್ ಹತ್ತಿರ ಒಬ್ಬ ಸೈಕಲ್ ಬಾಡಿಗೆಗೆ ಕೊಡ್ತಿದ್ದ. ಎಲ್ಲಾ ಒಂದೇ ಥರದ ಹಳದಿ ಸೈಕಲ್‌ಗಳು. "ತಕೊಂಡು ಹೋಗಿ ಮಾರಾಯ್ರೆ, ಸಂಜೆಯೊಳಗೆ ತಂದಿಟ್ರೆ ಸಾಕು" ಅಂದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಇವರು ನನ್ನ ಪಕ್ಕಕ್ಕೆ ಕರೆದು, "ಏನೂ ಕೇಳ್ತಿಲ್ಲ ಅಂದ್ರೆ ಏನೋ ಇದೆ" ಅಂದ್ರು. ಆಮೇಲೆ ತಮ್ಮ ಆಧಾರ್ ಕಾರ್ಡನ್ನ ಬಲವಂತವಾಗಿ ಅವನ ಕೈಗೆ ತುರುಕಿದ್ರು. ಅವನು ಕಾರ್ಡ್ ನೋಡಿದ, ಇವರ ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ.

"ಫೋಟೋ ನಿಮ್ಮದೇನಾ?" ಅಂದ.

೪. ಕಾವಲು

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗಿನ ತೋಟ, ಹದವಾದ ಬಿಸಿಲು. ಆದ್ರೆ ನೋಡೋಕೆ ಬಿಟ್ರೆ ತಾನೆ. ಇವರೂ ಒಂದು ಸೈಕಲ್ ತಕೊಂಡು ಹಿಂದಿನಿಂದ "ಬ್ರೇಕ್, ನಾಯಿ, ಲೆಫ್ಟು, ಮರಳು" ಅಂತ ಒಂದೇ ಸಮ. ಸಾಕಾಗಿ ಒಂದು ಎಳನೀರಿನ ಅಂಗಡಿ ಹತ್ರ ನಿಂತೆ. ಅಲ್ಲೂ ಏಳೆಂಟು ಹಳದಿ ಸೈಕಲ್ ನಿಂತಿದ್ವು. ಇವರು ತುಮಕೂರಿಂದಲೇ ತಂದಿದ್ದ ಚೈನು, ಬೀಗ ತೆಗೆದು ಎರಡು ಸೈಕಲ್‌ನ ತೆಂಗಿನ ಮರಕ್ಕೆ ಬಿಗಿದ್ರು. ಬೀಚಲ್ಲಿ ಪಿಕ್‌ಪಾಕೆಟ್ ಜಾಸ್ತಿ ಅಂತ ಕೀನೂ ಮೊಬೈಲೂ ನನ್ನ ಪರ್ಸಿಗೆ ಹಾಕಿ ಕಾವಲು ಕೂತ್ರು.

ನಾನು ನೀರಲ್ಲಿ ಕಾಲಾಡಿಸಿ ಬರೋಣ ಅಂತ ಅಂಗಡಿ ಹಿಂದುಗಡೆಯಿಂದ ಹೊರಟೆ. ಅಲ್ಲಿ ಬಂದ ತಕ್ಷಣ ನಾನೇ ಗೋಡೆಗೆ ಒರಗಿಸಿದ್ದ ಸೈಕಲ್ ಹಾಗೇ ನಿಂತಿದೆ, ಹ್ಯಾಂಡಲ್‌ನಲ್ಲಿ ನನ್ನ ನೀರಿನ ಬಾಟಲ್ ಚೀಲ ನೇತಾಡ್ತಿದೆ. ಚೈನಿಲ್ಲ, ಬೀಗ ಇಲ್ಲ. ನಮ್ಮ ಯಜಮಾನ್ರು ತಮ್ಮ ಸೈಕಲ್ ಜೊತೆ ಯಾರದ್ದೋ ಸೈಕಲ್ ಬಿಗಿದು, ಅದನ್ನ ಕಾಯ್ತಾ ಕೂತಿದ್ರು.

ಹೇಳಬಹುದಿತ್ತು. ಹೇಳಲಿಲ್ಲ. ಹತ್ತಿ ಹೊರಟೇಬಿಟ್ಟೆ. ಪೂರ್ತಿ ಒಂದು ಗಂಟೆ ಕಣ್ಣೆದುರು ಯಾರ ಬೆನ್ನೂ ಇಲ್ಲ. ಅಷ್ಟು ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ವಾಪಸ್ ಬಂದ್ರೆ ಮರದ ಸುತ್ತ ಜನ. "ನನ್ನ ಸೈಕಲ್ ಬಿಡ್ರೀ" ಅಂತ ಒಬ್ಬ ಹೆಂಗಸು. "ನೀವು ಯಾರು, ಕಾರ್ಡ್ ತೋರಿಸಿ" ಅಂತ ಎಳನೀರಿನವನು. ಕಾರ್ಡು ಬಾಡಿಗೆ ಅಂಗಡಿಲಿ, ಕೀ ನನ್ನ ಪರ್ಸಲ್ಲಿ. ಬೆವರು ಒರೆಸ್ಕೊಂತಾ ನಿಂತಿದ್ದವರು ನನ್ನ ನೋಡಿ, "ಅಗೋ, ನಮ್ಮ ಮನೆಯವಳು ಬಂದ್ಲು. ಅವಳನ್ನೇ ಕೇಳಿ" ಅಂದ್ರು.

"ಇವರು ನಿಮ್ಮ ಯಜಮಾನ್ರಾ ಅಮ್ಮ?" ಅಂತ ಕೇಳಿದ ಎಳನೀರಿನವನು.

ನಾನು ಬ್ರೇಕ್ ಸರಿಯಾಗೇ ಹಿಡಿದು ನಿಂತು ಹೇಳಿದೆ: "ಎಲ್ಲೋ ನೋಡಿದ ಹಾಗಿದೆ. ಏನು ಸಾಕ್ಷಿ ಇದೆ ಕೇಳಿ."