ಸಂವಿಧಾನ ಕಟ್ಟೆಯಲ್ಲಿ ಒಂದು ಕೆಮ್ಮು

ಹೆಸರಿಡುವ ವಿಷಯದಲ್ಲಿ ಮನುಷ್ಯನಷ್ಟು ಧಾರಾಳಿ ಬೇರೆ ಪ್ರಾಣಿಯಿಲ್ಲ. ಯಾವುದೋ ದೇಶದಲ್ಲಿ ಒಂದು ಹಳೆಯ ಯುದ್ಧದ ಹಡಗಿಗೆ ‘ಸಂವಿಧಾನ’ ಎಂದೇ ಹೆಸರಿಟ್ಟಿದ್ದಾರಂತೆ. ಅದು ಇನ್ನೂ ಮುಳುಗಿಲ್ಲವಂತೆ. ಚಿಪ್ಪಗಿರಿ ಕಡೆಯ ನಮ್ಮೂರಿನಲ್ಲಿ ಹಡಗಿನ ಮಾತಿರಲಿ, ಎಮ್ಮೆ ಮುಳುಗುವಷ್ಟು ನೀರೂ ಇಲ್ಲ. ಹಾಗಾಗಿ ನಮ್ಮವರು ಆ ಹೆಸರನ್ನು ಬಸ್ಸು ನಿಲ್ಲುವಲ್ಲಿರುವ ಬೇವಿನ ಮರದ ಕಟ್ಟೆಗೆ ಇಟ್ಟರು. ಕಲ್ಲಿನ ಕಟ್ಟೆ ನೋಡಿ, ಮುಳುಗುವ ಭಯವಿಲ್ಲ. ಅಲುಗಾಡುವ ಭಯವಂತೂ ಮೊದಲಿನಿಂದಲೂ ಇಲ್ಲ.

ನನ್ನದು ಗಂಟಲಿನ ಕಸುಬು. ಗಡಿಯ ಪೇಟೆಯಾದ ಆದವಾನಿಯಲ್ಲಿ ಆಟೊಗೆ ಮೈಕು ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯಿತಿಯನ್ನು ತೆಲುಗಿನಲ್ಲಿ, ಹಲ್ಲಿನ ಶಿಬಿರವನ್ನು ಕನ್ನಡದಲ್ಲಿ, ಬಿರಿಯಾನಿಯನ್ನು ಉರ್ದುವಿನಲ್ಲಿ ಕೂಗುತ್ತೇನೆ. ಬಿಡುವಿದ್ದಾಗ ಊರವರ ನಕಲು ಮಾಡುತ್ತೇನೆ. ಅವ್ವ ನನ್ನನ್ನು ಬೈಯುವುದನ್ನಂತೂ ಅವಳಿಗಿಂತ ಚೆನ್ನಾಗಿ ಬೈಯುತ್ತೇನೆ. ಒಮ್ಮೆ ಅವಳ ದನಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, ಹೋಗಲಿ ಬಿಡು, ಹುಡುಗ ಉಣ್ಣಲಿ ಎಂದು ನನ್ನ ಪರ ವಾದಿಸಿದ್ದಳು. ಅವ್ವ ಆಗ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು.

ಕಟ್ಟೆಗೆ ಬರುತ್ತೇನೆ. ಬರುತ್ತೇನೆ ಎಂದರೆ ಮಾತಿಗೆ. ನಮ್ಮ ಕೇರಿಯವರು ಅದರ ಮೇಲೆ ಹತ್ತುವುದಿಲ್ಲ. ಹತ್ತಬಾರದೆಂದು ಯಾರೂ ಹೇಳಿಲ್ಲ. ಹೇಳಿದ್ದರೆ ಕೇಸು ಹಾಕಬಹುದಿತ್ತು. ಬಸ್ಸು ಬರುವ ತನಕ ನಿಂತೇ ಇರುವುದು ಆರೋಗ್ಯಕ್ಕೆ ಒಳ್ಳೆಯದೆಂದು ನಮ್ಮವರಿಗೆ ತಲೆತಲಾಂತರದಿಂದ ತಾನಾಗಿಯೇ ತೋಚುತ್ತ ಬಂದಿದೆ, ಅಷ್ಟೇ. ಈ ಸಲ ಕಟ್ಟೆಯನ್ನು ರಿಪೇರಿ ಮಾಡಿದಾಗ ಗಾರೆ ಹೊತ್ತವರಲ್ಲಿ ಅವ್ವನೂ ಇದ್ದಳು. ಗಾರೆ ಹಸಿಯಿರುವಾಗ ಹತ್ತಬಹುದು. ಒಣಗಿದ ಮೇಲೆ ಅದು ಸಂವಿಧಾನ ಕಟ್ಟೆ.

ರಿಪೇರಿ ಮಾಡಿಸಿದವರು ಊರ ದೊಡ್ಡವರಾದ ಗೌಡರು. ಸಂವಿಧಾನ ದಿನ ಬಂದಾಗ, ಕಟ್ಟೆಯಲ್ಲಿ ಪೀಠಿಕೆ ಓದಬೇಕು, ಮೈಕೂ ನಿನ್ನದೇ, ಗಂಟಲೂ ನಿನ್ನದೇ ಎಂದು ನನಗೆ ಹೇಳಿಕಳಿಸಿದರು. ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಎಲ್ಲಿ ನಿಂತ್ಕಂಡು ಓದ್ತಿ?”

“ಮ್ಯಾಲೆ.”

“ಮ್ಯಾಲೆ ಅಂದ್ರ?”

“ಕಟ್ಟಿ ಮ್ಯಾಲಬೇ. ನೀನಾ ಗಾರೆ ಹಾಕಿದ್ದಲ್ಲ, ಗಟ್ಟಿ ಐತಿಲ್ಲೋ ನೋಡ್ತೀನಿ.”

ಅವಳು ನಗಲಿಲ್ಲ. ಆದರೆ ಕೂಲಿಗೆ ಹೋಗದೆ, ಮದುವೆಗಳಿಗೆಂದು ಇಟ್ಟಿದ್ದ ಹಸಿರು ಸೀರೆಯುಟ್ಟು ಬಂದು, ಕೇರಿಯ ಹೆಂಗಸರ ಮುಂದೆ ನಿಂತಳು. ಮಗ ಹತ್ತುವುದನ್ನು ನೋಡಲು ಬಂದವಳ ಮುಂದೆ ಹತ್ತದೆ ಹೇಗಿರಲಿ?

ಕಟ್ಟೆಯ ಮೇಲೆ ಗೌಡರು ಕುರ್ಚಿಯಲ್ಲಿ, ಅವರ ಸುತ್ತ ಅವರ ಅಣ್ಣತಮ್ಮಂದಿರೂ ಬೀಗರೂ ಒತ್ತಾಗಿ ಕೂತಿದ್ದರು. ನಾನು ಮೈಕು ಹಿಡಿದು ಮೆಟ್ಟಿಲ ಹತ್ತಿರ ಹೋದೆ. ಗೌಡರು ಪ್ರೀತಿಯಿಂದಲೇ ಕೈ ಎತ್ತಿದರು.

“ವೈರು ಇಲ್ಲಿತನ ಮುಟ್ಟಂಗಿಲ್ಲಪ. ಅಕ್ಕಡೇ, ಅಲ್ಲೇ ನಿಂತ್ಕಂಡು ಓದು.”

ಅದು ನನ್ನ ವೈರು. ಬೇವಿನ ಮರವನ್ನು ಸುತ್ತಿ ಬಂದು ಗೌಡರ ಕುರ್ಚಿಯನ್ನೂ ಕಟ್ಟಿಹಾಕುವಷ್ಟು ಉದ್ದದ ವೈರು, ಸುರುಳಿಯಾಗಿ ನನ್ನ ಕಾಲ ಬಳಿಯೇ ಬಿದ್ದಿತ್ತು. ಎಲ್ಲರೂ ಅದನ್ನು ನೋಡಿದರು. ಆಮೇಲೆ ಎಲ್ಲರೂ ಸೇರಿ ಅದನ್ನು ನೋಡಲಿಲ್ಲ. ಇಡೀ ಊರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ ಎಂದು ಕಾಣುತ್ತದೆ.

ಅವ್ವನ ಕಡೆ ನೋಡಿದೆ. ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನ್ನೊಳಗಿನ ಕೋಡಂಗಿ ಎದ್ದ. ನಮ್ಮೂರಲ್ಲಿ ಗೌಡರು ಓಣಿಯ ಮೂಲೆ ತಿರುಗುವ ಮುಂಚೆ ಒಮ್ಮೆ ಕೆಮ್ಮುತ್ತಾರೆ, ಅವರಪ್ಪನೂ ಕೆಮ್ಮುತ್ತಿದ್ದರಂತೆ. ಆ ಕೆಮ್ಮು ಕೇಳಿದರೆ ಕಟ್ಟೆಯ ಮೇಲೆ ಕೂತವರು ಎದ್ದು ಇಳಿಯಬೇಕು, ನಮ್ಮ ಕೇರಿಯವರು ಚಪ್ಪಲಿ ಬಿಟ್ಟು ಬದಿಗೆ ನಿಲ್ಲಬೇಕು. ಮೈಕನ್ನು ಬಾಯಿಗೆ ಹತ್ತಿರ ತಂದು ನಾನು ಆ ಕೆಮ್ಮನ್ನು ಕೆಮ್ಮಿದೆ. ಮೊದಲು ಒಣಗಿದ್ದು, ನಂತರ ಕಫದ್ದು, ಕೊನೆಗೆ ಆ ಸಣ್ಣ ಗೊರಗೊರ.

ಮರದ ಮೇಲೆ ನಾನೇ ಕಟ್ಟಿದ್ದ ಹಾರ್ನ್ ಸ್ಪೀಕರಿನಿಂದ ಅದು ಊರಿಗೆಲ್ಲ ಕೇಳಿಸಿತು. ಕಟ್ಟೆಯ ಮೇಲಿದ್ದವರೆಲ್ಲ ದಡಬಡನೆ ಎದ್ದು ಕೆಳಗಿಳಿದರು. ಗೌಡರೂ ಅರ್ಧ ಎದ್ದು, ಯಾರು ಬಂದರೆಂದು ರಸ್ತೆ ನೋಡಿದರು. ಅವರೊಬ್ಬರನ್ನು ಬಿಟ್ಟರೆ ಕಟ್ಟೆ ಖಾಲಿಯಾಯಿತು.

“ಹತ್ತಲೋ,” ಎಂದಳು ಅವ್ವ, ಮೆಲ್ಲಗೆ. “ಜಾಗ ಐತಿ.”

ಹೆಜ್ಜೆ ಎತ್ತಿದೆ. ಕಾಲಿಗೆ ನೆಲ ಬಿಸಿಯಾಗಿ ತಗುಲಿತು. ನೋಡಿದರೆ ನಾನು ಬರಿಗಾಲಲ್ಲಿದ್ದೇನೆ. ಕೆಮ್ಮಿದವನೂ ನಾನೇ, ಕೇಳಿ ಚಪ್ಪಲಿ ಬಿಟ್ಟವನೂ ನಾನೇ. ಅವು ಬದಿಯಲ್ಲಿ ಜೋಡಿಯಾಗಿ ವಿನಯದಿಂದ ಕೂತಿದ್ದವು. ಬರಿಗಾಲಲ್ಲಿ ಹತ್ತಿದರೆ ಹತ್ತಿದ ಹಾಗಲ್ಲ ಎನ್ನಿಸಿತು. ಮೆಟ್ಟಿಕೊಂಡೇ ಹತ್ತೋಣವೆಂದು ಬಗ್ಗಿ ಚಪ್ಪಲಿಯ ಹಿಮ್ಮಡಿ ಪಟ್ಟಿ ಎಳೆದುಕೊಂಡೆ.

ತಲೆಯೆತ್ತುವಷ್ಟರಲ್ಲಿ ಕಟ್ಟೆ ಮತ್ತೆ ತುಂಬಿತ್ತು. ಗೌಡರು ನನ್ನ ಬಾಗಿದ ಬೆನ್ನನ್ನು ನೋಡಿ, ನಕಲಿನ ತಪ್ಪಿಗೆ ಶರಣು ಮಾಡುತ್ತಿದ್ದಾನೆಂದುಕೊಂಡು, ಅಂಗೈ ತೋರಿಸಿದರು. “ಇರ್ಲಿ ಬಿಡಪ, ಹುಡುಗ್ರು ನೀವು. ಚೆಂದಾಗಿರು. ಓದು ಇನ್ನ.”

ಓದಿದೆ. ‘ಭಾರತದ ಜನತೆಯಾದ ನಾವು’ ಎಂದೆ ಕೆಳಗಿನಿಂದ. ‘ನಾವು’ ಎಂದರು ಮೇಲಿನಿಂದ, ಬಹಳ ಗಟ್ಟಿಯಾಗಿ.

ಮನೆಗೆ ಬರುವಾಗ ಅವ್ವ ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದಳು. ಕೇರಿಯ ತಿರುವಿನಲ್ಲಿ ಅಂದಳು: “ನೀನು ಬಗ್ಗಿದಾಗ ಥೇಟ್ ನಿಮ್ಮಪ್ಪನ್ನ ನೋಡ್ದಂಗಾತು.”

ಅಪ್ಪ ಸತ್ತಾಗ ನಾನು ತೊಟ್ಟಿಲಲ್ಲಿದ್ದೆ. ನೋಡದವರ ನಕಲು ನನಗೆ ಬರುವುದಿಲ್ಲ ಎಂದುಕೊಂಡಿದ್ದೆ.