ಹೊಸ ಲ್ಯಾಪ್‌ಟಾಪಿಗೆ ಜೂನ್ ತಿಂಗಳ ಸಾಗಾಣಿಕೆ

ಮಧುಗಿರಿಯ ಹುಣಸೆಮರ ನೋಂದಣಿ ಕಚೇರಿಯಲ್ಲಿ 2016ನೇ ಇಸವಿಯ ಜೂನ್ ತಿಂಗಳು ಕಳೆದ ಒಂಬತ್ತು ವರ್ಷಗಳಿಂದ ಜಾರಿಯಲ್ಲಿದೆ.

ಇದರಲ್ಲಿ ಅಕ್ರಮವೇನೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹುಣಸೆಮರಗಳ ವಯಸ್ಸು, ಎತ್ತರ ಮತ್ತು ಒಡೆಯರ ಹೆಸರನ್ನು ದಾಖಲಿಸಲೆಂದು ಕಚೇರಿಗೆ ಒಂದು ಲ್ಯಾಪ್‌ಟಾಪ್ ಬಂತು. ಲ್ಯಾಪ್‌ಟಾಪಿಗೆ ಒಂದು ಪ್ರೋಗ್ರಾಂ ಬೇಕಾಯಿತು. ಅಧಿಕಾರಿ ನಂದೀಶ್ವರಯ್ಯನವರು, ಮೂವತ್ತು ದಿನ ಪುಕ್ಕಟೆ ಬಳಸಿ ನೋಡಿ, ಆಮೇಲೆ ಕೊಳ್ಳಿ ಎಂಬ ಷರತ್ತಿನ ಪ್ರೋಗ್ರಾಮನ್ನು ಜೂನ್ ಒಂದನೇ ತಾರೀಖು ಹಾಕಿಸಿದರು. ಕೊಳ್ಳಲು ಮಂಜೂರಾಗಿದ್ದ ಹಣ ಅವರ ಕೊಠಡಿಯ ಸೋಫಾಕ್ಕೆ ವಿನಿಯೋಗವಾಯಿತು. ಸೋಫಾ ಈಗಲೂ ಇದೆ. ಅದಕ್ಕೆ ಮೂವತ್ತು ದಿನದ ಮಿತಿ ಇರಲಿಲ್ಲ.

ಮೂವತ್ತನೇ ತಾರೀಖಿನ ಸಂಜೆ ಗುಮಾಸ್ತ ಗಂಗಹನುಮಯ್ಯನವರು ಸಾಹೇಬರ ಕೊಠಡಿಗೆ ಓಡಿಬಂದರು.

“ಸಾರ್, ಜೂನ್ ಮುಗಿದ್ರೆ ಪ್ರೋಗ್ರಾಂ ನಿಂತೋಯ್ತದಂತೆ.”

“ಜೂನ್ ಮುಗಿಸಿ ಅಂತ ಮೇಲಿನಿಂದ ಆದೇಶ ಬಂದಿದೆಯೇನ್ರೀ?”

“ಇಲ್ಲ ಸಾರ್.”

“ಮತ್ತೆ? ಆದೇಶ ಇಲ್ಲದೆ ಯಾವುದನ್ನೂ ಮುಗಿಸೋ ಹಾಗಿಲ್ಲ.”

ಕೂಡಲೇ ಸುತ್ತೋಲೆ ಹೊರಟಿತು. ಒಂದು: ಪ್ರತಿ ಮೂವತ್ತನೇ ತಾರೀಖಿನ ಸಂಜೆ ಲ್ಯಾಪ್‌ಟಾಪಿನ ದಿನಾಂಕವನ್ನು ಒಂದಕ್ಕೆ ತಂದು, ಜೂನ್ ತಿಂಗಳನ್ನು ನವೀಕರಿಸತಕ್ಕದ್ದು. ಎರಡು: ಒಂದೇ ಕಚೇರಿಯಲ್ಲಿ ಎರಡು ದಿನಾಂಕಗಳಿದ್ದರೆ ಶಿಸ್ತು ಕೆಡುವುದರಿಂದ, ಸಮಸ್ತ ವ್ಯವಹಾರಗಳಿಗೂ ಲ್ಯಾಪ್‌ಟಾಪಿನ ದಿನಾಂಕವೇ ಅಧಿಕೃತ.

ಇದನ್ನು ಮೋಸ ಎಂದು ಕರೆದವರಿದ್ದಾರೆ. ಆ ಪದ ಇಲ್ಲಿ ಸಲ್ಲದು. ಮೋಸವನ್ನು ಯಾರೂ ಸಹಿ ಮಾಡಿ ಗೋಡೆಗೆ ಅಂಟಿಸುವುದಿಲ್ಲ.

ಸಿಬ್ಬಂದಿ ತ್ಯಾಗಗಳನ್ನೂ ಮಾಡಬೇಕಾಯಿತು. ಜೂನ್‌ನಲ್ಲಿ ಬಾರದ ಕಾರಣ ಯುಗಾದಿ, ದೀಪಾವಳಿಗಳ ರಜೆ ಹೋಯಿತು. ಹೊರಗಿನ ಭಾನುವಾರ ಕಚೇರಿಯ ಬುಧವಾರವಾದಾಗ ಬಾಗಿಲು ತೆರೆದು ಕೂರಬೇಕಾಯಿತು. ಅಂಥ ದಿನ ಸಾರ್ವಜನಿಕರು ಬರುತ್ತಿರಲಿಲ್ಲವಾದ್ದರಿಂದ ಕೆಲಸ ಸುಗಮವಾಗಿ ಸಾಗಿತು. ಸಂಬಳ ಮಾತ್ರ ಹೊರಗಿನ ಕ್ಯಾಲೆಂಡರಿನಂತೆ ಬರುತ್ತಿತ್ತು. ಈ ಅಶಿಸ್ತನ್ನು ಯಾರೂ ಆಕ್ಷೇಪಿಸಲಿಲ್ಲ.

ಮರಗಳೂ ಸಹಕರಿಸಬೇಕಿತ್ತು. ಪಾವಗಡ ತಾಲ್ಲೂಕು ನಿಡುಗಲ್ಲಿನ ರಾಮಾಂಜಿನಮ್ಮ ಎಂಬವರ ಹುಣಸೆ ಮಾತ್ರ ಸಹಕರಿಸಲಿಲ್ಲ. ದಾಖಲೆಯಲ್ಲಿ ಅದು ಮೂರಡಿ ಸಸಿ.

“ಸಸಿ ಅಲ್ಲ ಸಾಮೀ, ಈಗ ದೊಡ್ ಚೆಟ್ಟು! ಹಣ್ಣು ಬುಟ್ಟೈತೆ. ಮಂಗ್ಗಳು ಬೇರೆ ಬಂದು ಕೂತ್ಕಂತವೆ ಕದಾ.”

“ಮೂರಡಿ ಸಸಿ ಮೇಲೆ ಮಂಗ ಹೆಂಗಮ್ಮ ಕೂತ್ಕಳ್ತದೆ?” ಎಂದರು ಗಂಗಹನುಮಯ್ಯ, ದಾಖಲೆ ನೋಡುತ್ತ.

“ಅದ್ಕೇ ಬಂದು ನೋಡ್ರಿ ಅಂತೀನಿ.”

“ನೋಡಾಣ. ಮುಂದಿನ್ ತಿಂಗ್ಳು.”

ಹೀಗೆ ಹೇಳುವಾಗ ಗಂಗಹನುಮಯ್ಯನವರ ದನಿ ಸ್ವಲ್ಪ ಇಳಿಯುತ್ತಿತ್ತು. ಕಾರಣ, ಅವರ ನಿವೃತ್ತಿಯೂ ಮುಂದಿನ ತಿಂಗಳೇ ಇತ್ತು. 2016ರ ಜುಲೈ ಮೂವತ್ತೊಂದಕ್ಕೆ ಅವರಿಗೆ ಅರವತ್ತು ತುಂಬಬೇಕು. ನಿವೃತ್ತಿಯ ಪ್ರಸ್ತಾವನೆಯನ್ನು ಜುಲೈ ಒಂದಕ್ಕೆ ಕಳಿಸಬೇಕೆಂಬುದು ನಿಯಮ. ಜುಲೈ ಬರಲಿಲ್ಲ. ಬೀಳ್ಕೊಡುಗೆಗೆ ತಂದ ಶಾಲು, ಗಂಧದ ಹಾರ ಬೀರುವಿನಲ್ಲಿ ಉಳಿದವು. ಶಾಲಿನ ಒಂದು ಅಂಚನ್ನು ನುಸಿ ತಿಂದಿತ್ತು. ನುಸಿಗೆ ಸುತ್ತೋಲೆ ತಲುಪಿರಲಿಲ್ಲ.

ಅವರ ಹೆಂಡತಿ ರಾಜಲಕ್ಷ್ಮಮ್ಮ ಸಿದ್ದರಬೆಟ್ಟದ ಬುಡದಲ್ಲಿ ಇಡ್ಲಿ ಹೋಟೆಲ್ ಇಟ್ಟಿದ್ದರು. ಬೆಟ್ಟ ಹತ್ತುವವರು ವರ್ಷವರ್ಷಕ್ಕೂ ಹೆಚ್ಚಾಗುತ್ತಿದ್ದರು. ಚಟ್ನಿಗೆ ಗಂಡನ ಕೈ ಬೇಕಿತ್ತು. ಗಂಡನಿಗೂ ಅದೊಂದೇ ಆಸೆ. ಫೋನು ತಪ್ಪುತ್ತಿರಲಿಲ್ಲ.

“ಏನ್ರೀ, ಇವತ್ತೆಷ್ಟು ತಾರೀಕು ನಿಮ್ಮಾಫೀಸಲ್ಲಿ?”

“ಹನ್ನೆರಡು ಕಣೇ.”

“ಯಾವ ತಿಂಗ್ಳು?”

“ಜೂನೇ.”

“ನಿಮ್ ಜೂನ್‌ಗಿಷ್ಟು ಬೆಂಕಿ ಹಾಕ! ಇಲ್ಲಿ ಜನ ತಟ್ಟೆ ಹಿಡ್ಕಂಡು ನಿಂತವ್ರೆ, ಚಟ್ನಿ ರುಬ್ಬೋರಿಲ್ಲ!”

ಹೀಗಿರುವಾಗ ಹಳೆಯ ಲ್ಯಾಪ್‌ಟಾಪಿನ ಪರದೆ ಸಡಿಲವಾಯಿತು. ಹಿಂದೆ ಒಂದು ಇಟ್ಟಿಗೆ ಕೊಟ್ಟು ನಿಲ್ಲಿಸಿದರು. ಇಟ್ಟಿಗೆ ಸರಿಯಾಗಿ ಕೆಲಸ ಮಾಡಿತು, ಲ್ಯಾಪ್‌ಟಾಪು ಮಾಡಲಿಲ್ಲ. ಮೇಲಿನ ಕಚೇರಿಯಿಂದ ಹೊಸದೊಂದು ಬಂತು. ಜೊತೆಗೆ ಆದೇಶ: “ಹಳೆಯ ಲ್ಯಾಪ್‌ಟಾಪಿನಲ್ಲಿರುವ ಸಮಸ್ತವನ್ನೂ ಒಂದೂ ಬಿಡದೆ ಹೊಸದಕ್ಕೆ ಸಾಗಿಸತಕ್ಕದ್ದು. ಲೋಪವಾದಲ್ಲಿ ಅಧಿಕಾರಿಯೇ ಹೊಣೆ.”

ಶಿರಾದಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ಲೋಹಿತಾ ಅವರನ್ನು ಕರೆಸಲಾಯಿತು. ಆಕೆ ಎರಡು ಲ್ಯಾಪ್‌ಟಾಪುಗಳ ನಡುವೆ ಒಂದು ಕೇಬಲ್ ಹಾಕಿ, ಕಾಫಿ ಕುಡಿದು, ಊಟದ ಹೊತ್ತಿಗೆ ಕೆಲಸ ಮುಗಿಸಿದರು.

“ಎಲ್ಲಾ ಬಂತು ಸರ್. ಫೈಲ್ಸ್, ಫೋಟೋಸ್, ನಿಮ್ಮ ಇಸ್ಪೀಟಾಟ ಸಮೇತ.”

ನಂದೀಶ್ವರಯ್ಯನವರು ಕನ್ನಡಕ ಏರಿಸಿ ಪರದೆಯ ಮೂಲೆಯನ್ನು ನೋಡಿದರು. ಅಲ್ಲಿ ನವೆಂಬರ್ 2025 ಎಂದಿತ್ತು.

“ಜೂನ್ ಎಲ್ಲಿ?”

“ಸರ್?”

“ಹಳೆಯದರಲ್ಲಿ ಜೂನ್ ಇತ್ತು. ಇಲ್ಲಿಲ್ಲ. ಯಾಕೆ ಕಾಪಿ ಆಗಿಲ್ಲ?”

“ಸರ್, ಜೂನ್ ಫೈಲ್ ಅಲ್ಲ.”

“ಪ್ರೋಗ್ರಾಮಾ?”

“ಅದೂ ಅಲ್ಲ ಸರ್.”

“ಫೈಲೂ ಅಲ್ಲ, ಪ್ರೋಗ್ರಾಮೂ ಅಲ್ಲ. ಅಂಥದ್ದು ಕಚೇರಿ ಲ್ಯಾಪ್‌ಟಾಪಿನಲ್ಲಿ ಒಂಬತ್ತು ವರ್ಷ ಯಾರ ಅನುಮತಿಯಿಂದ ಇತ್ತಮ್ಮ?”

ಲೋಹಿತಾ ಗೋಡೆಯ ಮೇಲಿನ ಸುತ್ತೋಲೆಯನ್ನು ಓದಿಕೊಂಡು, “ನಿಮ್ಮದೇ ಸರ್,” ಎಂದರು.

ಪ್ರೋಗ್ರಾಮನ್ನು ಬರಿದೇ ಕಾಪಿ ಮಾಡಿದರೆ ಸಾಲದು, ಹೊಸದಾಗಿ ಹಾಕಬೇಕು ಎಂದು ಆಕೆ ಹಾಕಿದ್ದರು. ಅದನ್ನು ಮೊದಲ ಸಲ ಹಾಕಿಸಿದ ತಾರೀಖು ಮಾತ್ರ ಹಳೆಯ ಫೈಲುಗಳ ಜೊತೆಯಲ್ಲೇ ಬಂದಿತ್ತು. ಈಗ ಅದನ್ನು ತೆರೆದು ತೋರಿಸಿದರು. ಪರದೆಯ ಮೇಲೆ ಬಂತು: “ನಿಮ್ಮ ಅವಧಿ ಎಂದೋ ಮುಗಿದಿದೆ.”

ನಂದೀಶ್ವರಯ್ಯನವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಈ ನವೆಂಬರಿನ ಪ್ರಕಾರ ಸ್ವತಃ ಅವರೂ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಸೋಫಾದಿಂದ ಎದ್ದರು. ಕೂರುವ ಅಧಿಕಾರ ಇದೆಯೋ ಇಲ್ಲವೋ ತಿಳಿಯದೆ, ಒಂದು ತುದಿಯಲ್ಲಿ ಕೂತರು.

ಅಷ್ಟರಲ್ಲಿ ಗಂಗಹನುಮಯ್ಯನವರು ಬೀರು ತೆಗೆದು, ಶಾಲು ಹೊದ್ದು, ಹಾರ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಸಾರ್, ಲ್ಯಾಪ್‌ಟಾಪಿನ ದಿನಾಂಕವೇ ಅಧಿಕೃತ. ನಾನು ರಿಟೈರ್ಡು. ಬತ್ತೀನಿ.”

ಜವಾನ ಕೆಂಪಯ್ಯ ಚಪ್ಪಾಳೆ ತಟ್ಟಿದ. “ಎಲ್ಡ್ ಮಾತಾಡಿ ಗಂಗಣ್ಣ.”

“ಮಾತಾಡ್ತಾ ಕುಂತ್ರೆ ಬಸ್ಸು ಹೊಂಟೋಯ್ತದೆ ಕಣಪ್ಪ.”

ಸಾಹೇಬರ ಅಪ್ಪಣೆಯಂತೆ ಲೋಹಿತಾ ಜೂನನ್ನು ಕೈಯಿಂದಲೇ ಹಾಕಿದರು. ಕೆಂಪಯ್ಯ ಬೀದಿಗೆ ಓಡಿ, “ಗಂಗಣ್ಣೋ, ವಾಪಸ್ ಬಾ, ಜೂನ್ ಬಂದ್ಬುಡ್ತು!” ಎಂದು ಕೂಗಿದ. ಗಂಗಹನುಮಯ್ಯನವರು ಶಿಸ್ತಿನ ಮನುಷ್ಯ. ಹಿಂದಿರುಗಿ ಶಾಲು ಮಡಿಸಿಟ್ಟರು.

ಆದರೆ ಹೊಸ ಲ್ಯಾಪ್‌ಟಾಪಿಗೆ ಒಂದು ಕೆಟ್ಟ ಚಾಳಿ ಇತ್ತು. ಇಂಟರ್ನೆಟ್ ಸಿಕ್ಕ ಕೂಡಲೇ ಹೊರಗಿನವರಿಂದ ನಿಜವಾದ ತಾರೀಖು ಕೇಳಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಈ ಕಚೇರಿಯಲ್ಲಿ ಅಂಥ ನಡತೆ ಹಿಂದೆ ಕಂಡಿರಲಿಲ್ಲ. ಪರಿಣಾಮವಾಗಿ ಆ ಮಧ್ಯಾಹ್ನ ಗಂಗಹನುಮಯ್ಯನವರು ನಾಲ್ಕು ಸಲ ನಿವೃತ್ತರಾದರು. ಕೊನೆಯ ಸಲ ಕೊರಟಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದಿದ್ದರು.

ಕೆಂಪಯ್ಯ ಇಳಿಸಲು ಬಂದಾಗ ಕಂಡಕ್ಟರು ಕೇಳಿದ: “ಯಜಮಾನ್ರೇ, ಹಾರ ಹಾಕ್ಕಂಡು ಎಷ್ಟ್ ಸಲ ಹತ್ತಿ ಇಳೀತೀರ? ಮದ್ವೆನಾ, ಎಲೆಕ್ಷನ್ನಾ?”

“ಇನ್ನೂ ತೀರ್ಮಾನ ಆಗಿಲ್ಲಪ್ಪ,” ಎಂದು ಅವರು ಇಳಿದರು.

“ಒಂದು ಸೆಟ್ಟಿಂಗ್ ಆಫ್ ಮಾಡಿದ್ರೆ ಸಾಕು ಸರ್,” ಎಂದರು ಲೋಹಿತಾ. ನಂದೀಶ್ವರಯ್ಯನವರು ಅರ್ಧಂಬರ್ಧ ಕ್ರಮಗಳನ್ನು ಒಪ್ಪುವವರಲ್ಲ. ಪ್ರಕಟಣೆ ಬರೆಸಿದರು: “ಕಚೇರಿಯ ಅಧಿಕೃತ ದಿನಾಂಕಕ್ಕೆ ವಿರುದ್ಧವಾದ ಮಾಹಿತಿಯನ್ನು ಪದೇಪದೇ ಒದಗಿಸಿದ ಕಾರಣ, ಇಂಟರ್ನೆಟ್ಟನ್ನು ಮುಂದಿನ ಆದೇಶದವರೆಗೆ ಅಮಾನತ್ತಿನಲ್ಲಿಡಲಾಗಿದೆ.” ಜೂನ್ ನೆಲೆಯೂರಿತು. ಪ್ರೋಗ್ರಾಂ ತೆರೆದುಕೊಂಡಿತು. ಸಾಹೇಬರು ಸೋಫಾದ ನಡುಮಧ್ಯಕ್ಕೆ ಸರಿದು ಕೂತರು. ಹಳೆಯ ಇಟ್ಟಿಗೆಯನ್ನು ಹೊಸ ಲ್ಯಾಪ್‌ಟಾಪಿನ ಹಿಂದೆ ಇಡಿಸಿದರು.

“ಇದರ ಪರದೆ ತಾನಾಗೇ ನಿಲ್ಲತ್ತೆ ಸರ್,” ಎಂದರು ಲೋಹಿತಾ.

“ಆದೇಶದಲ್ಲಿ ‘ಸಮಸ್ತ’ ಎಂದಿದೆಯಮ್ಮ.”

ಮರುದಿನ ರಾಜಲಕ್ಷ್ಮಮ್ಮ ಖುದ್ದಾಗಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಇತ್ತು.

“ಸ್ವಾಮಿ, ನಮ್ಮೆಜಮಾನ್ರನ್ನ ಬುಟ್ಬುಡಿ. ಅರವತ್ತೊಂಬತ್ತಾಯ್ತು ಅವ್ರಿಗೆ.”

“ನಮ್ಮಲ್ಲಿ ಐವತ್ತೊಂಬತ್ತಮ್ಮ.”

“ಮಂಡಿನೋವು ನಿಮ್ ದಾಖ್ಲೆ ಕೇಳ್ಕಂಡ್ ಬತ್ತದಾ?”

“ಜುಲೈ ಬರಲಿ. ಶಾಲು ಹೊದಿಸಿ ಕಳಿಸ್ತೀವಿ.”

“ಜುಲೈ ನೀವೇ ಮಡಿಕ್ಕಳಿ. ಈ ತಿಂಗ್ಳು ಒಂದು ರಜ ಆದ್ರೂ ಕೊಡ್ತೀರಾ?”

ಗಂಗಹನುಮಯ್ಯನವರು ಈ ಜೂನ್‌ನಲ್ಲಿ ಒಂದು ದಿನವೂ ರಜೆ ಹಾಕಿರಲಿಲ್ಲ. ಅಲ್ಲದೆ ಹಿಂದಿನ ದಿನ ನಾಲ್ಕು ಸಲ ನಿವೃತ್ತರಾಗಿ ದಣಿದಿದ್ದರು. ಸಾಹೇಬರ ಮನಸ್ಸು ಕರಗಿತು. ಆದೇಶ ಹೇಳಿ ಬರೆಸಿದರು: “ಸದರಿ ನೌಕರರಿಗೆ 2016ರ ಜೂನ್ ತಿಂಗಳ ಪೂರ್ತಿ ರಜೆ ಮಂಜೂರು ಮಾಡಿದೆ. ಜುಲೈ ಒಂದಕ್ಕೆ ಕೆಲಸಕ್ಕೆ ಹಾಜರಾಗತಕ್ಕದ್ದು.”

ಟೈಪು ಮಾಡುತ್ತಿದ್ದ ಗಂಗಹನುಮಯ್ಯನವರ ಬೆರಳು ನಿಂತಿತು. “ಸಾರ್... ಪೂರ್ತಿ ಜೂನಾ?”

“ಪೂರ್ತಿ ಜೂನ್ ಕಣ್ರೀ. ಕೊಡೋವಾಗ ನಾನು ಕೈ ಬಿಗಿ ಹಿಡಿಯೋನಲ್ಲ.”

ಅವರು ಸಹಿ, ಮೊಹರು ಹಾಕಿಸಿಕೊಂಡು, ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹೊರಟರು. ಶಾಲನ್ನು ಮುಟ್ಟಲಿಲ್ಲ. ಅವರೇನೂ ನಿವೃತ್ತರಾಗಿರಲಿಲ್ಲ.

ಮೂವತ್ತನೇ ತಾರೀಖು ಕೆಂಪಯ್ಯ ತಿಂಗಳನ್ನು ನವೀಕರಿಸಿದ. ಮರುದಿನವೂ ಗುಮಾಸ್ತರು ಬರಲಿಲ್ಲ. ನೋಟಿಸು ಹೋಯಿತು. ಉತ್ತರ ಬಂತು: “ಮಾನ್ಯರೇ, ತಾವು ರಜೆ ದಯಪಾಲಿಸಿದ ತಿಂಗಳು ಇನ್ನೂ ನಡೆಯುತ್ತಿದೆ. ಜುಲೈ ಬಂದ ದಿನವೇ ಹಾಜರಾಗುತ್ತೇನೆ.” ನಂದೀಶ್ವರಯ್ಯನವರು ಇದನ್ನು ಸುತ್ತೋಲೆಯ ಪಕ್ಕದಲ್ಲಿಟ್ಟು ಓದಿದರು. ಎಲ್ಲೂ ದೋಷ ಸಿಗಲಿಲ್ಲ. “ಕ್ರಮಬದ್ಧವಾಗಿದೆ” ಎಂದು ಬರೆದರು. ಸ್ವಲ್ಪ ಹೊತ್ತು ಯೋಚಿಸಿ, ಅದೇ ಜೂನ್‌ಗೆ ತಮಗೂ ರಜೆ ಮಂಜೂರು ಮಾಡಿಕೊಂಡರು. ಈಗ ಕೆಂಪಯ್ಯನೊಬ್ಬ ಮೂವತ್ತಕ್ಕೊಮ್ಮೆ ಬಂದು, ತಿಂಗಳನ್ನು ನವೀಕರಿಸಿ, ಇಟ್ಟಿಗೆಯ ಧೂಳು ಒರೆಸಿ ಹೋಗುತ್ತಾನೆ. ದೂರುಗಳು ಕಡಿಮೆಯಾಗಿವೆ. ಸ್ವೀಕರಿಸುವವರಿಲ್ಲ.

ಸಾಹೇಬರು ವಾರಕ್ಕೊಮ್ಮೆ ಸಿದ್ದರಬೆಟ್ಟ ಹತ್ತುತ್ತಾರೆ, ಇಳಿದು ಇಡ್ಲಿ ತಿನ್ನುತ್ತಾರೆ. ಹೋದ ಭಾನುವಾರ ಹೋಟೆಲಿನ ಬೆಂಚಿನ ಮೇಲೆ ರಾಮಾಂಜಿನಮ್ಮ ಒಂದು ಚೀಲ ಹುಣಸೆಹಣ್ಣು ಇಳಿಸಿಕೊಂಡು ಕೂತಿದ್ದರು. ಕೆಲವು ವಾರಗಳ ಹಿಂದೆ ಆಕೆ ಕಚೇರಿಯನ್ನು ಹುಡುಕಿಕೊಂಡು ಮಧುಗಿರಿಗೆ ಹೋಗಿ, ಅಲ್ಲಿ ಯಾರೂ ಇಲ್ಲದೆ, ಇಲ್ಲಿಗೆ ಬಂದು ಗಂಗಹನುಮಯ್ಯನವರನ್ನು ಹಿಡಿದಿದ್ದರು. ಅವರು ರಜೆಯಲ್ಲಿದ್ದುದರಿಂದ ದಾಖಲೆ ತಿದ್ದಲಾಗಲಿಲ್ಲ, ಹಣ್ಣು ಕೊಂಡರು. ಅಂದಿನಿಂದ ಆಕೆ ಪ್ರತಿವಾರ ಒಂದು ಚೀಲ ತರುತ್ತಾರೆ, ತಿದ್ದುಪಡಿಯ ಮಾತೆತ್ತುವುದಿಲ್ಲ.

ಸಾಹೇಬರು ಸಾಂಬಾರನ್ನು ಎರಡನೇ ಸಲ ಹಾಕಿಸಿಕೊಂಡು ಚಪ್ಪರಿಸಿದರು.

“ಹುಳಿ ಬಹಳ ಚೆನ್ನಾಗಿದೆಯಲ್ರೀ ಗಂಗಹನುಮಯ್ಯ. ಯಾವ ಮರದ್ದು?”

ಚಟ್ನಿ ರುಬ್ಬುತ್ತಿದ್ದ ಗಂಗಹನುಮಯ್ಯನವರು ರಾಮಾಂಜಿನಮ್ಮನ ಕಡೆ ನೋಡಿದರು.

“ಮರ ಎಲ್ಲೈತೆ ಸಾಮೀ,” ಎಂದರು ಆಕೆ, ಇಡ್ಲಿ ಮುರಿಯುತ್ತ. “ಮೂರಡಿ ಸಸಿ ಕದಾ.”

ನಂದೀಶ್ವರಯ್ಯನವರು ಒಂದು ಕ್ಷಣ ನೆನಪು ಮಾಡಿಕೊಂಡು ತಲೆದೂಗಿದರು. “ಹೌದು, ದಾಖಲೆಗೆ ಸರಿಹೋಗುತ್ತದೆ,” ಎಂದು ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದರು.