ತಿಂಗಳಿಗೆ ಇನ್ನೂರೈವತ್ತು ಯೂರೋ ಉಣ್ಣಲೇಬೇಕೆಂದ ಅಂದಾಜು ಯಂತ್ರಕ್ಕೆ

ಪರದೇಶದ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ವಿದ್ಯಾರ್ಥಿಗಳ ಖರ್ಚಿನ ಅಂದಾಜು ಹಾಕುತ್ತಾ ಕೂತಿರುವ ಯಂತ್ರ ಮಹಾಶಯರಿಗೆ,

ಮಾನ್ಯರೇ,

ಕಡಬದಿಂದ ಅಡಿಗೆ ಶ್ಯಾಮ ಭಟ್ಟ ಮಾಡುವ ನಮಸ್ಕಾರಗಳು. ತಮಗೆ ಕೈಯಿಲ್ಲದ ಕಾರಣ ತಿರುಗಿ ನಮಸ್ಕರಿಸುವ ತೊಂದರೆ ಬೇಡ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ತಾವು ಶಾಲೆಗೇ ಹೋಗದೆ ನೇರ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ ಮಹಾನುಭಾವರು. ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ತಾವೇ ತಿದ್ದಿಕೊಳ್ಳಬೇಕು.

ನನ್ನ ಮೊಮ್ಮಗಳು ಗಾನಶ್ರೀಗೆ ತಮ್ಮಲ್ಲಿ, ಆಹಾರ ಕೆಡದ ಹಾಗೆ ಇಡುವ ವಿದ್ಯೆ ಕಲಿಯಲು ಸೀಟು ಸಿಕ್ಕಿದ್ದು ತಮಗೆ ತಿಳಿದೇ ಇದೆ. ಅಲ್ಲಿ ಬದುಕುವ ಖರ್ಚಿನ ಅಂದಾಜನ್ನು ತಮ್ಮ ಮುಂದೆ ಇಟ್ಟು, ಹಣ ಕೊಡುವ ನಾನು ಒಪ್ಪಿ ಸಹಿ ಹಾಕಿ, ತಾವು ಹಸಿರು ದೀಪ ತೋರಿಸಿದರೆ ಮಾತ್ರ ಸೀಟು ಅವಳದ್ದು, ಶುಕ್ರವಾರ ಸಂಜೆ ಐದು ದಾಟಿದರೆ ಮತ್ತೊಬ್ಬರದ್ದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಮ್ಮ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಶಾಫಿಯ ಕಂಪ್ಯೂಟರಿನಲ್ಲಿ ತಮ್ಮ ದರ್ಶನವಾಯಿತು.

ನನ್ನ ಮೇಲಿನ ಪ್ರೀತಿಯಿಂದ ತಾವು 'ಕನ್ನಡದಲ್ಲಿ ಓದಿ' ಎಂಬ ಗುಂಡಿಯನ್ನೂ ಇಟ್ಟಿದ್ದೀರಿ. ಅದನ್ನು ಒತ್ತಿದರೆ, 'ಮೂರು ತಿಂಗಳ ಬ್ಯಾಂಕ್ ಹೇಳಿಕೆ ಇಲ್ಲದೆ ಅರ್ಜಿ ಪೂರ್ಣವಾಗದು' ಎಂದು ಬಂತು. ಸ್ವಾಮೀ, ನಮ್ಮ ಕಡೆ ಹೇಳಿಕೆ ಎಂದರೆ ಮದುವೆ, ಮುಂಜಿ ಮುಂತಾದ ಜಂಬರದ ಊಟಕ್ಕೆ ಮನೆಗೇ ಹೋಗಿ ಕರೆಯುವುದು. ಹುಡುಗಿಯನ್ನು ದೂರ ಕಳಿಸುವಾಗ ಬ್ಯಾಂಕಿನವರಿಗೂ ಒಂದು ಊಟ ಹಾಕಿಸುವ ಮರ್ಯಾದಸ್ಥ ದೇಶ ಎಂದು ನನಗೆ ತಮ್ಮ ಮೇಲೆ ಗೌರವವೇ ಹುಟ್ಟಿತು. ಮಡಿಚಿಟ್ಟ ಶಾಲು ಹೊದ್ದು ಬ್ಯಾಂಕಿಗೆ ಹೋಗಿ, ಮೆನೇಜರ್ ಸಂಪ್ರೀತ್ ಅವರಿಂದ ಹಿಡಿದು ಬಾಗಿಲಲ್ಲಿ ಬಂದೂಕು ಹಿಡಿದವನವರೆಗೆ ಏಳೂ ಜನಕ್ಕೆ ಭಾನುವಾರಕ್ಕೆ ಹೇಳಿಕೆ ಹೇಳಿ ಬಂದೆ. ಮೂರು ತಿಂಗಳ ಲೆಕ್ಕ ಮಾತ್ರ ಅರ್ಥವಾಗದೆ, ಮುಂದಿನ ಎರಡು ತಿಂಗಳಿಗೂ ಈಗಲೇ ಹೇಳಿಟ್ಟೆ. ಅವರು ಬಂದರು, ಉಂಡರು. ಎಂಟನೆಯ ಹೋಳಿಗೆ ಮುಗಿಸಿ ಎದ್ದ ಮೇಲೆ ಸಂಪ್ರೀತ್ ನನ್ನನ್ನು ಬದಿಗೆ ಕರೆದು, "ಭಟ್ರೇ, ಊಟ ಫಸ್ಟ್ ಕ್ಲಾಸ್. ಆದ್ರೆ ಅವರು ಕೇಳಿದ್ದು ಸ್ಟೇಟ್‌ಮೆಂಟ್ ಇರಬೇಕು" ಎಂದರು. ಗಾನಶ್ರೀ ಒಳಗೆ ಹೋಗಿ ನಕ್ಕ ಸದ್ದು ಹೊರಗೆ ಕೇಳಿತು. ಸೋಮವಾರ ಕಾಗದ ಸಿಕ್ಕಿತು. ತಮ್ಮ ಕನ್ನಡದಿಂದ ಏಳು ಜನರ ಹೊಟ್ಟೆ ತುಂಬಿದ ಪುಣ್ಯ ತಮಗೇ ಇರಲಿ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಐವತ್ತು ವರ್ಷ ನಾನು ಅಡಿಗೆಯ ಪಟ್ಟಿ ಬರೆದವನು. ಎಂಟುನೂರು ಎಲೆ ಎಂದು ಬಾಯಲ್ಲಿ ಹೇಳಿದರೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ ಎಷ್ಟೆಂದು ಕೂತಲ್ಲೇ ಬರೆಸುತ್ತೇನೆ. ಕೊನೆಯ ಪಂಕ್ತಿಗೆ ಸಾರು ಮುಗಿದದ್ದಿಲ್ಲ, ಮರುದಿನ ಚೆಲ್ಲಲು ಉಳಿದದ್ದೂ ಇಲ್ಲ. ನಮ್ಮ ಪಟ್ಟಿ ಅರಸಿನದಿಂದ ಶುರುವಾಗುತ್ತದೆ. ತಮ್ಮ ಪಟ್ಟಿ ವಿಮೆಯಿಂದ, ಅಂದರೆ ಹುಡುಗಿ ಬರುವ ಮೊದಲೇ ಅವಳ ಕಾಯಿಲೆಯಿಂದ ಶುರುವಾಗುತ್ತದೆ. ಇರಲಿ, ಅವರವರ ಪದ್ಧತಿ. ಶಾಫಿ ತಮ್ಮ ಊರಿನ ಅಂಗಡಿಯ ದರವನ್ನೇ ಹುಡುಕಿ ತೆಗೆದ. ಅಕ್ಕಿ, ಬೇಳೆ, ಹಾಲು, ತರಕಾರಿ, ಎಣ್ಣೆ ಹಿಡಿದು, ನೆಂಟರು ಬಂದರೆ ಎಂದು ಸ್ವಲ್ಪ ಮೇಲಿಟ್ಟು, ತಿಂಗಳಿಗೆ ತೊಂಬತ್ತು ಯೂರೋ ಎಂದು ನಾನು ಬರೆಸಿದೆ. ತಾವು ಕೆಂಪಾದಿರಿ. 'ಈ ಮೊತ್ತ ವಾಸ್ತವಿಕವಲ್ಲ' ಎಂದಿರಿ.

ಮಾನ್ಯರೇ, ಮದುಮಗನ ಕಡೆಯವರು ಕೂಡ ನನಗೆ ಹೀಗೆ ಹೇಳಿದ್ದಿಲ್ಲ.

ನೂರು ಹಾಕಿಸಿದೆ, ಕೆಂಪು. ನೂರೈವತ್ತು, ಕೆಂಪು. "ಭಟ್ರೇ, ಇದಕ್ಕೆ ನಿಮ್ಮ ಸಾರು ಗೊತ್ತಿಲ್ಲ, ಹೋಟ್ಲಲ್ಲಿ ತಿನ್ನುವವರ ಲೆಕ್ಕ ಮಾತ್ರ ಗೊತ್ತುಂಟು" ಎಂದ ಶಾಫಿ. ಕೂದಲು ಕತ್ತರಿಸಲು ತಿಂಗಳಿಗೆ ಮೂವತ್ತು ಯೂರೋ ಎಂದು ತಾವೇ ತುಂಬಿಟ್ಟಿರಿ. ಸೊಂಟದವರೆಗೆ ಬೆಳೆದ ಆ ಕೂದಲಿಗೆ ಇಪ್ಪತ್ತೆರಡು ವರ್ಷ ಎಣ್ಣೆ ಹಚ್ಚಿದ ನನ್ನ ಹೆಂಡತಿ ದೇವಕಿಯನ್ನು ಒಂದು ಮಾತು ಕೇಳಬಹುದಿತ್ತು. ಶುಕ್ರವಾರ ನಾಲ್ಕೂವರೆಯಾದರೂ ತಾವು ಕೆಂಪೇ. ಸುಳ್ಳು ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದು ನಾನು ಚಪ್ಪಲಿ ಮೆಟ್ಟಿ ಎದ್ದೇಬಿಟ್ಟೆ. ಆಗ ಗಾನಶ್ರೀ ನನ್ನ ಕೈ ಹಿಡಿದು, "ಅಜ್ಜ, ಅದಕ್ಕೆ ಬೇಕಾದ್ದು ಬರೀರಿ, ನಾನು ಉಣ್ಣುದು ನೀವು ಕಲಿಸಿದಷ್ಟೇ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಇನ್ನೂರೈವತ್ತು ಹಾಕಿ ಸಹಿ ಹಾಕಿದೆ. ತಾವು ತಕ್ಷಣ ಹಸಿರಾದಿರಿ. ನಿಜ ಹೇಳಿದಾಗ ಕೆಂಪಾಗಿ ಸುಳ್ಳಿಗೆ ಹಸಿರಾಗುವ ತಮ್ಮ ಈ ಗುಣದಿಂದ ತಾವು ಮುಂದೆ ಬಹಳ ದೊಡ್ಡ ಹುದ್ದೆಗೆ ಹೋಗುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಈಗ ತಮ್ಮ ಪುಸ್ತಕದಲ್ಲಿ ನೂರರುವತ್ತು ಯೂರೋದ ಊಟ ಹೆಚ್ಚಾಗಿ ಕೂತಿದೆ. ಬರೆದ ಪಟ್ಟಿಯ ಅಡಿಗೆ ಉಳಿಸಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ದಯಮಾಡಿ ತಿಂಗಳಿಗೊಮ್ಮೆಯಾದರೂ ಅಷ್ಟು ಉಣ್ಣುವ ಎರಡು ಮೂರು ಮಕ್ಕಳನ್ನು ಅವಳ ಕೋಣೆಗೆ ಕಳಿಸಿಕೊಡಬೇಕು. ಯಾವ ದೇಶದವರಾದರೂ ಅಡ್ಡಿಯಿಲ್ಲ, ಹಸಿವಿದ್ದರೆ ಸಾಕು. ಅವಳಿಗೆ ಒಬ್ಬಳಿಗಾಗುವಷ್ಟು ಅನ್ನ ಇಡಲು ನಾನು ಕಲಿಸಲೇ ಇಲ್ಲ.

ಇಂತಿ ತಮ್ಮ ವಿಶ್ವಾಸಿ, ಆದರೆ ತಮ್ಮ ಲೆಕ್ಕದ ವಿಶ್ವಾಸಿ ಅಲ್ಲದ,
ಅಡಿಗೆ ಶ್ಯಾಮ ಭಟ್ಟ, ಕಡಬ

ವಿ.ಸೂ.: ಕೊನೆಗೆ ತಾವು 'ನಮ್ಮ ಸೇವೆ ಹೇಗಿತ್ತು?' ಎಂದು ಐದು ನಕ್ಷತ್ರ ಇಟ್ಟು ಕೇಳಿದಿರಿ. ಒಂದು ಸಾಕು ಎಂದೆ. ಪುನಃ ಕೆಂಪಾದೀತೆಂದು ಶಾಫಿ ಐದನ್ನೂ ಒತ್ತಿಬಿಟ್ಟ. ಅದರಲ್ಲಿ ನಾಲ್ಕು ಹೆದರಿಕೆಯವು. ಉಳಿದ ಆ ಒಂದನ್ನಾದರೂ ಕೊಡಬೇಕಿತ್ತೋ ಬೇಡವೋ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.